ಗೆರೆ ಹಾಕಿಟ್ಟ ಏಳು ಪುಟಗಳು

ಹಾಳಾಗುತ್ತಿರುವ ಫಿಲಂ ಸುರುಳಿ ವಿನೆಗರ್‌ನಂತೆ ನಾರುತ್ತದೆ. ಉಪ್ಪು ಕಡಿಮೆಯಾದ ನಿಂಬೆಕಾಯಿ ಉಪ್ಪಿನಕಾಯಿಯ ಭರಣಿ ತೆರೆದಾಗ ಒಂದು ವಾಸನೆ ಗಪ್ಪೆಂದು ಬರುತ್ತದಲ್ಲ, ಹೆಚ್ಚುಕಡಿಮೆ ಅದೇ. ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ನಾನು ಮೊದಲು ಹೇಳುವುದು ಇಷ್ಟು: ಡಬ್ಬಿ ತೆರೆದ ಕೂಡಲೇ ಮೂಸಿ ನೋಡಿ. ಸುರುಳಿಗೆ ಇನ್ನೆಷ್ಟು ದಿನ ಉಳಿದಿದೆ ಎಂಬುದು ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತದೆ.

ನಾವಿರುವ ಬಾಥೆಲ್ ಊರಿನ ಶುಕ್ರವಾರದ ಹಾಡಿನ ಗುಂಪಿನಲ್ಲಿರುವ ಇಬ್ಬರು ಹುಡುಗಿಯರು ಇಂಥದೇ ಕೆಲಸಕ್ಕೆ ಸೇರಿದ್ದಾರೆ. "ಆಂಟಿ, ಏನೇನು ನೋಡ್ಕೋಬೇಕು, ಒಂದು ಲಿಸ್ಟ್ ಮಾಡಿಕೊಡಿ" ಎಂದರು. ಪಟ್ಟಿ ಮಾಡಲು ಕುಳಿತರೆ ಪ್ರತಿಸಲವೂ ಮನಸ್ಸು ಒಂದೇ ಕಡೆ ಹೋಗಿ ನಿಲ್ಲುತ್ತದೆ. ಆದ್ದರಿಂದ ಪಟ್ಟಿ ಬಿಟ್ಟು ಇದನ್ನು ಬರೆಯುತ್ತಿದ್ದೇನೆ.

ಧಾರವಾಡದ ಕಾಲೇಜೊಂದರ ಗ್ರಂಥಾಲಯದಲ್ಲಿ ಹದಿಮೂರು ವರ್ಷ ಕೆಲಸ ಮಾಡಿ, ನಮ್ಮವರ ನೌಕರಿಯ ಬೆನ್ನಿಗೆ ಪರದೇಶದ ಈ ಊರಿಗೆ ಬಂದವಳು ನಾನು. ಆಫೀಸುಗಳೇ ತುಂಬಿದ ಕ್ಯಾನ್ಯನ್ ಪಾರ್ಕ್ ಎಂಬ ಬಡಾವಣೆಯಲ್ಲಿ ಒಂದು ಕಡೆ ಔಷಧ ಪರೀಕ್ಷಿಸುವ ಲ್ಯಾಬು, ಇನ್ನೊಂದು ಕಡೆ ಹಲ್ಲಿನ ಡಾಕ್ಟರರ ಕುರ್ಚಿ ಮಾರುವವರ ಆಫೀಸು, ನಡುವೆ ನಮ್ಮ ಸಣ್ಣ ಕಂಪನಿ. ಬೇರೆ ಬೇರೆ ಗ್ರಂಥಾಲಯಗಳು ತಮ್ಮ ಹಸ್ತಪ್ರತಿಗಳನ್ನು ಎಂದೋ ಫೋಟೋ ತೆಗೆಸಿ ಇಟ್ಟುಕೊಂಡ ಫಿಲಂ ಸುರುಳಿಗಳನ್ನು ನಮಗೆ ಕಳಿಸುತ್ತಿದ್ದವು. ಯಂತ್ರ ಅವನ್ನು ಕಂಪ್ಯೂಟರಿನ ಚಿತ್ರಗಳಾಗಿ ಮಾಡುತ್ತಿತ್ತು. ಒಂದೊಂದೇ ಚಿತ್ರ ನೋಡಿ, ನೆಟ್ಟಗಿದೆಯೇ, ಮಸುಕಾಗಿದೆಯೇ, ಪುಟ ಹಿಂದುಮುಂದಾಗಿದೆಯೇ ಎಂದು ಹೇಳುವುದು ನನ್ನ ಕೆಲಸ. ಓದುವ ಕೆಲಸವಲ್ಲ. ಲ್ಯಾಟಿನ್, ಅರ್ಮೇನಿಯನ್, ಐರಿಷ್, ಯಾವುದೂ ನನಗೆ ಬರುತ್ತಿರಲಿಲ್ಲ. ಅಕ್ಷರ ಗೊತ್ತಿಲ್ಲದಿದ್ದರೂ ಪುಟ ಗೊತ್ತಾಗಬೇಕು, ಅಷ್ಟೆ.

ನಮ್ಮ ಮೇಲಿನವರು ಡಯೇನ್. ಅರವತ್ತರ ಹತ್ತಿರದ ಹೆಂಗಸು; ಕುತ್ತಿಗೆಗೆ ಎರಡು ಕನ್ನಡಕ ನೇತುಹಾಕಿಕೊಂಡು ಓಡಾಡುತ್ತಿದ್ದರು. ಸೇರಿದ ತಿಂಗಳಲ್ಲೇ ನಾನೊಂದು ಪುಟವನ್ನು "ಕಲೆ ಇದೆ, ಮತ್ತೆ ತೆಗೆಯಬೇಕು" ಎಂದು ವಾಪಸು ಕಳಿಸಿದ್ದೆ. ಡಯೇನ್ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದು ಕುಳಿತರು.

"ಇದು ಕಲೆಯಲ್ಲ, ತೂತು. ಹಾಳೆ ಮಾಡಿಕೊಂಡ ಕರುವಿನ ಚರ್ಮದಲ್ಲಿ ಮೊದಲೇ ಇದ್ದದ್ದು. ಸಾಲು ನೋಡಿ, ಬರೆದವನು ತೂತಿನ ಸುತ್ತ ಬಳಸಿಕೊಂಡು ಹೋಗಿದ್ದಾನೆ. ಅವನಿಗೆ ಮತ್ತೊಂದು ಚರ್ಮ ಸಿಕ್ಕಿರಲಿಲ್ಲ, ನಿಮಗೆ ಮತ್ತೊಂದು ಫೋಟೋ ಎಲ್ಲಿಂದ ಸಿಗುತ್ತದೆ?"

ನಾಚಿಕೆಯಾಯಿತು. ಅಂದಿನಿಂದ ಪ್ರತಿ ಸುರುಳಿಗೆ ಒಂದು ರಟ್ಟಿನ ಕಾರ್ಡು ಇಟ್ಟು, ತೂತು, ಹರಿದದ್ದು, ಅಂಚಿನಲ್ಲಿ ಬರೆದದ್ದು, ಎಲ್ಲವನ್ನೂ ಪೆನ್ಸಿಲಿನಲ್ಲಿ ಗುರುತು ಹಾಕತೊಡಗಿದೆ. ಡಯೇನ್ ಆ ಕಾರ್ಡುಗಳನ್ನು ನೋಡಿ "ನಿಮ್ಮ ಕಿರಾಣಿ ಪಟ್ಟಿ" ಎಂದು ನಗುತ್ತಿದ್ದರೂ ಒಂದನ್ನೂ ಎಸೆಯಲು ಬಿಡುತ್ತಿರಲಿಲ್ಲ.

ಆಮೇಲೆ ಕಾರ್ಡುಗಳ ಕಾಲ ಮುಗಿಯಿತು. ಹೊಸ ಸಾಫ್ಟ್‌ವೇರ್ ತಾನೇ ಪುಟ ನೆಟ್ಟಗೆ ಮಾಡುತ್ತಿತ್ತು, ಅಂಚು ಕತ್ತರಿಸುತ್ತಿತ್ತು, ಖಾಲಿ ಪುಟಗಳನ್ನು ಹುಡುಕಿ ಬೇರೆ ಪಟ್ಟಿ ಮಾಡುತ್ತಿತ್ತು. ಆ ಪಟ್ಟಿಯಲ್ಲಿ ಒಂದೊಂದು ಪುಟವೂ ಅಂಚೆಚೀಟಿಯಷ್ಟು. ನೋಡಿ ಒಪ್ಪಿಗೆ ಒತ್ತಿದರೆ ಅವು ಹೋಗುತ್ತಿದ್ದವು, ಉಳಿದವಕ್ಕೆ ಹೊಸದಾಗಿ ಒಂದು, ಎರಡು ಎಂದು ಸಂಖ್ಯೆ ಬೀಳುತ್ತಿತ್ತು. ಹಳೆಯ ಚಾಳಿ ಬಿಡಲಾಗದೆ ನಾನು ಆ ಪಟ್ಟಿಯನ್ನು ಕಾಗದದ ಮೇಲೆ ಮುದ್ರಿಸಿ, ಸಹಿ ಹಾಕಿ ಫೈಲಿಗೆ ಸೇರಿಸುತ್ತಿದ್ದೆ. ಯಾರೂ ಕೇಳಿರಲಿಲ್ಲ.

ಆ ವರ್ಷದ ಶರತ್ಕಾಲದಲ್ಲಿ, ಮೊರೀನ್ ಎಂಬವರಿಗಾಗಿ ಒಂದು ಗ್ರಂಥಾಲಯ ಕಳಿಸಿದ ಸುರುಳಿಗಳು ಬಂದವು. ನಿವೃತ್ತ ಪ್ರಾಧ್ಯಾಪಕಿ, ಕಣಿವೆಯಾಚೆಯ ಡುವಾಲ್ ಎಂಬ ಹಳ್ಳಿಯಲ್ಲಿ ಕೋಳಿ ಸಾಕಿಕೊಂಡು ಒಬ್ಬರೇ ಇದ್ದರು. ಮಧ್ಯಯುಗದ ಒಂದು ಐರಿಷ್ ವೀರಕಥೆಯನ್ನು ಅಚ್ಚಿಗೆ ಸಿದ್ಧಪಡಿಸುವುದರಲ್ಲೇ ಅವರ ಅರ್ಧ ಆಯುಷ್ಯ ಹೋಗಿತ್ತು. ಮೊದಲ ದಿನ ನಮ್ಮಲ್ಲಿಗೆ ಬಂದಾಗ, ನಾನು ಕಾಫಿ ಕೊಟ್ಟ ಸಂತೋಷಕ್ಕೋ ಏನೋ, ನಿಂತೇ ಕಥೆ ಹೇಳಿದರು.

ಕಥಾನಾಯಕನಿಗೆ ಹುಟ್ಟಿನಿಂದಲೇ ಎರಡು ಕಟ್ಟುಗಳು. ಊಟಕ್ಕೆ ಕರೆದವರಿಗೆ ಅವನು ಒಲ್ಲೆ ಎನ್ನಬಾರದು. ತನ್ನ ನಾಯಿ ದಾಟದ ಹೊಳೆಯನ್ನು ತಾನು ದಾಟಬಾರದು. ಮುರಿದರೆ ಸಾವು. ಒಂದು ದಿನ ಹೊಳೆಯ ಆಚೆ ದಡದಿಂದ ಒಬ್ಬ ಮುದುಕಿ ಊಟಕ್ಕೆ ಕರೆಯುತ್ತಾಳೆ. ನಾಯಿ ಈಚೆ ದಡದಲ್ಲೇ ಮಲಗಿಬಿಡುತ್ತದೆ.

"ಆಮೇಲೆ?" ಎಂದೆ.

"ಆಮೇಲೆ ಅವನು ಆಚೆ ದಡದಲ್ಲಿ ಗಾಯಗೊಂಡು ಬಿದ್ದಿದ್ದಾನೆ. ನಾಯಿ ಎಲ್ಲೂ ಇಲ್ಲ. ನಡುವೆ ಏನಾಯಿತು ಎಂಬುದು ನನ್ನ ಜೀವಮಾನದ ಕೆಲಸ" ಎಂದು ನಕ್ಕರು.

ಕಥೆ ಉಳಿದಿದ್ದದ್ದು ಎರಡೇ ಪ್ರತಿಗಳಲ್ಲಿ. ಹಳೆಯದು ಚರ್ಮದ್ದು, ಅದರ ಮೊದಲ ಹಾಳೆಗಳು ಕಳೆದುಹೋಗಿ, ಗಾಯಗೊಂಡು ಬಿದ್ದಲ್ಲಿಂದಲೇ ಆರಂಭ. ಎರಡನೆಯದು ಕಾಗದದ್ದು, ಯಾರೋ ಕೆಲವು ಶತಮಾನ ತಡವಾಗಿ, ಈಗ ಇಲ್ಲದ ಮತ್ತೊಂದು ಪ್ರತಿಯಿಂದ ನಕಲು ಮಾಡಿದ್ದು. ಕಥೆಯ ಮೊದಲ ಭಾಗ ಇದೊಂದರಲ್ಲೇ ಇತ್ತು. ಆ ಕಾಗದದ ಪ್ರತಿಯೂ ಎಂದೋ ನೀರು ಬಿದ್ದು ಹಾಳಾಗಿ, ಅದರ ಫಿಲಂ ಮಾತ್ರ ಉಳಿದಿತ್ತು. ಫಿಲಂ ಮುದುರಿ, ಒಣಗಿ, ಮುಟ್ಟಿದರೆ ಮುರಿಯುವಂತಿದ್ದರಿಂದ ಇಷ್ಟು ವರ್ಷ ಯಾರೂ ಅದನ್ನು ಬಿಚ್ಚಿರಲಿಲ್ಲ. ಮೊದಲ ಭಾಗದ ಕಥೆ ಮೊರೀನ್ ಅವರಿಗೆ ಗೊತ್ತಿದ್ದದ್ದು, ಪ್ರತಿ ಹಾಳಾಗುವ ಮೊದಲು ಯಾರೋ ಬರೆದಿಟ್ಟಿದ್ದ ಸಾರಾಂಶದಿಂದ ಮಾತ್ರ. ಡಬ್ಬಿ ತೆರೆದಾಗ ವಿನೆಗರ್ ವಾಸನೆಗೆ ನನ್ನ ಕಣ್ಣಲ್ಲಿ ನೀರು ಬಂತು. ಚಿತ್ರಗಳು ಗ್ರಂಥಾಲಯಕ್ಕೆ ತಲುಪಿ, ಅವರು ಸರಿಯೆಂದ ಮೇಲೆ ಇಂಥ ಫಿಲಂ ಅನ್ನು ನಾಶಮಾಡಲು ಕೊಟ್ಟುಬಿಡುವುದು ರೂಢಿ. ಇಟ್ಟರೆ ಪಕ್ಕದ ಸುರುಳಿಗಳಿಗೂ ಆ ರೋಗ ಹತ್ತುತ್ತದೆ.

ಯಂತ್ರದವರು ಫಿಲಂ ಅನ್ನು ಹದಮಾಡಿ ಬಿಡಿಸಿ ಚಿತ್ರ ತೆಗೆದರು. ನನ್ನ ಮುಂದೆ ಖಾಲಿ ಪುಟಗಳ ಪಟ್ಟಿ ಬಂತು. ಮೊದಲ ರಟ್ಟಿನ ಒಳಬದಿ, ಕೊನೆಯ ರಟ್ಟಿನ ಒಳಬದಿ, ನಡುವೆ ಏಳು ಪುಟ. ಏಳರಲ್ಲೂ ಸಣ್ಣ ಗೆರೆಗಳಿದ್ದಂತೆ ಕಂಡಿತು. ಫಿಲಂ ಮೇಲಿನ ಗೀರು ಅಂದುಕೊಂಡೆ. ಅಂದು ದೇವಸ್ಥಾನದಲ್ಲಿ ಅರಿಶಿನ ಕುಂಕುಮವಿತ್ತು, ಕೋಸಂಬರಿ ಮಾಡಿಕೊಂಡು ಹೋಗುವ ಪಾಳಿ ನನ್ನದು, ಹೆಸರುಬೇಳೆ ನೆನೆಹಾಕಿ ಬಂದಿದ್ದೆ. ಎಲ್ಲವನ್ನೂ ಒಟ್ಟಿಗೇ ಆರಿಸಿ ಒಪ್ಪಿಗೆ ಒತ್ತಿದೆ. ಪಟ್ಟಿ ಮುದ್ರಿಸಿ ಸಹಿ ಹಾಕಿ ಎದ್ದೆ. ಇದಿಷ್ಟೂ ಆಗಲು ಒಂದು ನಿಮಿಷ ಹಿಡಿದಿರಲಿಕ್ಕಿಲ್ಲ.

ಮೊರೀನ್ ಚಿತ್ರಗಳನ್ನು ನೋಡಿ ಡಯೇನ್‌ಗೆ ಫೋನ್ ಮಾಡಿ ಸಂಭ್ರಮಪಟ್ಟರು. ನಾಯಿ ಮಲಗಿದ ಪುಟದ ಮರುಪುಟದಲ್ಲೇ ನಾಯಕ ಬಿದ್ದಿದ್ದಾನೆ, ನಡುವೆ ಏನೂ ಕಳೆದಿಲ್ಲ. ಕಥೆ ಹೇಳಿದವನು ಬೇಕೆಂದೇ ಜಿಗಿದಿದ್ದಾನೆ, ಕೇಳುವವರೇ ತುಂಬಿಕೊಳ್ಳಲಿ ಎಂದು. ಇದನ್ನೇ ಅವರು ಇಪ್ಪತ್ತು ವರ್ಷದಿಂದ ವಾದಿಸುತ್ತ ಬಂದಿದ್ದರಂತೆ. ಪುಸ್ತಕ ಚಳಿಗಾಲದಲ್ಲಿ ಅಚ್ಚಿಗೆ ಹೋಗುವುದಿತ್ತು.

ಗ್ರಂಥಾಲಯದವರೂ ಸರಿಯೆಂದು ಬರೆದರು. ಸುರುಳಿಗಳು ಹಿಂದಿನ ಕೋಣೆಯಲ್ಲಿ ಹೊರಗೆ ಕಳಿಸುವ ರಾಶಿ ಸೇರಿದವು.

ಒಂದು ಶುಕ್ರವಾರ ಸಂಜೆ ವಾರಿಜಕ್ಕನವರ ಮನೆಯಲ್ಲಿ ಹಾಡು. ವಾರಿಜಕ್ಕ ಬಾಗಲಕೋಟೆ ಕಡೆಯವರು, ನಮ್ಮ ಗುಂಪಿಗೆಲ್ಲ ಹಿರಿಯರು. ಅವರ ಬಳಿ ಅತ್ತೆ ಕೈಯಾರೆ ಬರೆದ ಹಾಡಿನ ಪುಸ್ತಕವಿದೆ. ಬಟ್ಟೆ ಹೊದಿಸಿದ ಉದ್ದನೆಯ ನೋಟುಬುಕ್ಕು. ಗೌರಿಯನ್ನು ತವರಿಗೆ ಕರೆಯುವ ಹಾಡೊಂದನ್ನು ಹೇಳುತ್ತ ಹೇಳುತ್ತ ಅವರು ನುಡಿ ಬಿಟ್ಟು, ಬರೀ ರಾಗದಲ್ಲಿ ಗುನುಗತೊಡಗಿದರು. ಒಂದು ನುಡಿಯಷ್ಟು, ಎರಡು ನುಡಿಯಷ್ಟು, ಮೂರು. ಆಮೇಲೆ ಮತ್ತೆ ಮಾತು ಬಂತು.

ಬೆಂಗಳೂರಿನ ಹುಡುಗಿಯೊಬ್ಬಳು ಇಣುಕಿ ನೋಡಿ, "ಆಂಟಿ, ಲಿರಿಕ್ಸ್ ಇಲ್ಲೇ ಕೆಳಗೆ ಇದೆಯಲ್ಲ, ಯಾಕೆ ಬರೀ ಹಮ್ ಮಾಡಿದ್ರಿ?" ಎಂದಳು.

"ಅದು ಕೆಳಗಿನ ನುಡಿ ಐತವಾ. ನಡುವ ಮೂರು ನುಡಿ ಇಲ್ಲ" ಎಂದರು ವಾರಿಜಕ್ಕ, ಖಾಲಿ ಜಾಗದ ಮೇಲೆ ಬೆರಳಿಟ್ಟು. "ನಮ್ಮತ್ತಿಗೆ ಹಾಡು ಹೇಳಿಕೊಟ್ಟಾಕಿಗೆ ಮರ್ತಿತ್ತಂತ. ಅದಕ್ಕ ಗೆರಿ ಹೊಡದು ಅಷ್ಟು ಜಾಗಾ ಬಿಟ್ಟಾಳ. ನೋಡಿಲ್ಲೆ, ಸಣ್ಣಗ ಬರದಾಳ, 'ಬಲ್ಲವರು ತುಂಬಿಸಿರಿ' ಅಂತ."

"ಖಾಲಿ ಇದ್ದಿದ್ದನ್ನ ಹಾಡ್ತೀರಾ?"

"ಹಾಡದಿದ್ರ ಜಾಗಾ ಇತ್ತು ಅನ್ನೂದ ಮರತ ಹೋಗತೈತಿ."

ನಾನು ಕಾಫಿ ಲೋಟ ಕೆಳಗಿಟ್ಟೆ. ಏಳು ಪುಟ. ಏಳರಲ್ಲೂ ಗೆರೆ. ಅವು ಗೀರಾಗಿರಲಿಲ್ಲ. ಬರೆಯಲು ಗೆರೆ ಹಾಕಿಟ್ಟ ಪುಟಗಳು. ಬರೆಯುವ ಇರಾದೆಯಿಲ್ಲದೆ ಯಾರು ಏಳು ಪುಟಕ್ಕೆ ಗೆರೆ ಎಳೆಯುತ್ತ ಕೂರುತ್ತಾರೆ? ನಮ್ಮ ತಾಯಿಯ ಪುಸ್ತಕದಲ್ಲೂ ಇಂಥ ಜಾಗಗಳಿದ್ದವು. ಹುಟ್ಟಿದಾಗಿನಿಂದ ನೋಡಿದ್ದೇನೆ. ಆಫೀಸಿನಲ್ಲಿ ಮಾತ್ರ ಗುರುತು ಸಿಗಲಿಲ್ಲ.

ಮನೆಗೆ ಬಂದು ನಮ್ಮವರಿಗೆ ಹೇಳಿದೆ.

"ಅಲ್ಲ, ಖಾಲಿ ಹಾಳಿ ಹೋದ್ರ ಏನ್ ಹೋತು?" ಎಂದರು.

"ಕಥಿ ಒಳಗ ಅಷ್ಟು ಜಾಗಾ ಹೋತ್ರಿ. ಆ ಮೊರೀನ್ ಬಾಯಾರು ನಡುವ ಏನೂ ಇಲ್ಲ ಅಂತ ಪುಸ್ತಕಾ ಬರ್ಯಾಕತ್ತಾರ."

"ಹಂಗಾರ ಸೋಮವಾರ ಹೇಳಿಬಿಡು." ಆಮೇಲೆ, "ಮತ್ತ ಆ ನಾಯಿ ದಾಟಿತೋ ಇಲ್ಲೋ?" ಎಂದರು.

ಸೋಮವಾರ ಎಂಟಕ್ಕೇ ಹೋದೆ. ಮೊದಲು ಕಂಪ್ಯೂಟರಿನಲ್ಲಿ ಹುಡುಕಿದೆ. ತೆಗೆದುಹಾಕಿದ ಚಿತ್ರಗಳು ಒಂದು ತಿಂಗಳು ಮಾತ್ರ ಉಳಿಯುತ್ತಿದ್ದವು. ಆ ತಿಂಗಳು ಮುಗಿದಿತ್ತು. ಹಿಂದಿನ ಕೋಣೆಗೆ ಹೋದೆ. ಸುರುಳಿಗಳ ಪೆಟ್ಟಿಗೆ ರಾಶಿಯ ಮೇಲೇ ಇತ್ತು, ನಾಶಕ್ಕೆ ಒಪ್ಪಿಗೆಯಾಗಿದೆ ಎಂಬ ಕೆಂಪು ಚೀಟಿ ಅಂಟಿಸಿಕೊಂಡು. ಮುಚ್ಚಳದ ಮೇಲೆ ಕೈಯಿಟ್ಟೆ. ಚೀಟಿ ತೆಗೆಯಬೇಕಾದರೆ ಡಯೇನ್ ಸಹಿ ಬೇಕು, ಸಹಿ ಕೇಳಿದರೆ ಯಾಕೆಂದು ಕೇಳುತ್ತಾರೆ. ಅವರು ಅಂದು ಹೊರಗಿನಿಂದ ಬಂದವರಿಗೆ ಯಂತ್ರ ತೋರಿಸುತ್ತ ಓಡಾಡುತ್ತಿದ್ದರು. ಎರಡು ಸಲ ಅವರ ಬಾಗಿಲವರೆಗೆ ಹೋಗಿ ಬಂದೆ. ಮೂರನೆಯ ಸಲ ಅವರೇ ನೋಡಿ "ಏನು?" ಎಂದರು. "ಏನಿಲ್ಲ, ಪ್ರಿಂಟರಿಗೆ ಕಾಗದ ಬೇಕಿತ್ತು" ಎಂದೆ. ಆ ಕಾಗದ ಹಿಡಿದುಕೊಂಡು ವಾಪಸು ಬಂದು ಕುಳಿತೆ. ಕಟ್ಟಿಕೊಂಡು ಹೋಗಿದ್ದ ಚಪಾತಿ ಹಾಗೇ ಮನೆಗೆ ಬಂತು. ನಾಶಕ್ಕೆ ಒಯ್ಯುವ ವ್ಯಾನು ಗುರುವಾರ ಬರುತ್ತದೆ, ಇನ್ನೂ ಸಮಯವಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಯಾರನ್ನೂ ಕೇಳಿ ಖಚಿತಪಡಿಸಿಕೊಳ್ಳಲಿಲ್ಲ. ಕೇಳಿದರೆ ಅನುಮಾನ ಬರುತ್ತದೆಂಬ ಹೆದರಿಕೆ.

ಮಂಗಳವಾರ ಮಗಳನ್ನು ಕಣ್ಣಿನ ಡಾಕ್ಟರರ ಬಳಿ ಕರೆದೊಯ್ಯಬೇಕಿತ್ತು, ರಜೆ ಹಾಕಿದ್ದೆ. ಕಾರಿನಲ್ಲಿ ಅವಳಿಗೂ ಹೇಳಿದೆ, ಕನ್ನಡದಲ್ಲೇ. ಅವಳು ಇಂಗ್ಲಿಷಿನಲ್ಲಿ ಅಂದಳು: "ಅಮ್ಮಾ, ಜಸ್ಟ್ ಟೆಲ್ ಹರ್. ವೈ ಆರ್ ಯು ವೇಟಿಂಗ್?" ಸಿಗ್ನಲ್ ಹಸಿರಾಗಿತ್ತು. ಹಿಂದಿನ ಕಾರಿನವರು ಹಾರ್ನ್ ಹೊಡೆದ ಮೇಲೆ ನಾನು ಮುಂದೆ ಹೋದದ್ದು.

ಬುಧವಾರ ಬೆಳಿಗ್ಗೆ ನೇರ ಹಿಂದಿನ ಕೋಣೆಗೆ ಹೋದೆ. ನೆಲ ಗುಡಿಸಿ ಒರೆಸಿತ್ತು. ರಾಶಿ ಇರಲಿಲ್ಲ. ವಿನೆಗರ್ ವಾಸನೆ ಮಾತ್ರ ಇನ್ನೂ ಸ್ವಲ್ಪ ಉಳಿದಿತ್ತು.

ಡಯೇನ್ ಎದುರು ನಿಂತು ಎಲ್ಲ ಹೇಳಿದೆ. ಅವರು ಕೂಡಲೇ ನಾಶಮಾಡುವವರಿಗೆ ಫೋನ್ ಮಾಡಿದರು, ಕೇಳಿಸಿಕೊಂಡರು, ಇಟ್ಟರು.

"ನಿನ್ನೆ ಬೆಳಿಗ್ಗೆ ಬಂದು ಒಯ್ದಿದ್ದಾರೆ. ಮಧ್ಯಾಹ್ನವೇ ಕತ್ತರಿಸಿ ಆಗಿದೆ." ಒಂದು ಕನ್ನಡಕ ತೆಗೆದು ಇನ್ನೊಂದು ಹಾಕಿಕೊಂಡರು. "ನಿಮಗೆ ಯಾವತ್ತು ಗೊತ್ತಾಯಿತು?"

"ಶುಕ್ರವಾರ."

"ಇವತ್ತು ಬುಧವಾರ."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ, "ಒಪ್ಪಿಗೆ ಗುಂಡಿಯನ್ನು ನಿಮ್ಮ ಮುಂದೆ ಇಟ್ಟವರು ನಾವು. ಅದು ನಮ್ಮ ತಪ್ಪು. ಈ ಐದು ದಿನ ಮಾತ್ರ ನಿಮ್ಮದು" ಎಂದರು. ಹಾಗೇ ಕಪಾಟಿನತ್ತ ಕೈ ತೋರಿಸಿ ಕೇಳಿದರು: "ನಿಮ್ಮ ಕಿರಾಣಿ ಪಟ್ಟಿ?"

ನನಗೆ ಅದರ ನೆನಪೇ ಇರಲಿಲ್ಲ. ಫೈಲು ತೆಗೆದೆವು. ಮುದ್ರಿಸಿ ಸಹಿ ಹಾಕಿದ ಹಾಳೆ ಅಲ್ಲೇ ಇತ್ತು. ಅಂಚೆಚೀಟಿಯಷ್ಟು ಒಂಬತ್ತು ಚೌಕ, ಅವುಗಳಲ್ಲಿ ಏಳಕ್ಕೆ ಗೆರೆ. ಡಯೇನ್ ಭೂತಗನ್ನಡಿ ಹಿಡಿದರು. ಏಳನೆಯದರ ಕೆಳಗೆ, ಗೆರೆಗಳಿಗಿಂತ ಬೇರೆಯಾಗಿ, ಎರಡು ಸಾಲು ಏನೋ ಇತ್ತು. ಇರುವೆ ಸಾಲು ಹೊರಟಂತೆ. ಬರಹ ಎಂದು ಗೊತ್ತಾಗುತ್ತಿತ್ತು, ಅಕ್ಷರ ಗೊತ್ತಾಗುತ್ತಿರಲಿಲ್ಲ.

"ಫೋನಿನಲ್ಲಿ ಹೇಳಬೇಡಿ. ಹೋಗಿ ಹೇಳಿ" ಎಂದರು.

ಮೂರು ದಿನದ ಮಳೆಗೆ ಕಣಿವೆಯಲ್ಲಿ ಹೊಳೆ ಉಕ್ಕಿ ಡುವಾಲ್‌ಗೆ ಹೋಗುವ ಹತ್ತಿರದ ರಸ್ತೆ ಮುಚ್ಚಿತ್ತು. ಸುತ್ತು ಹಾಕಿ ಹೋದೆ. ಎರಡೂ ಕಡೆ ಹೊಲಗಳಲ್ಲಿ ಕಂದು ನೀರು, ನೀರೊಳಗೆ ಬೇಲಿಯ ಗೂಟಗಳ ತಲೆ. ಮೊರೀನ್ ಅವರ ಇಪ್ಪತ್ತು ವರ್ಷದ ವಾದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಪಕ್ಕದ ಸೀಟಿನ ಮೇಲಿದೆ ಎಂದು ನೆನೆದಾಗಲೆಲ್ಲ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು. ಹೇಳದೆ ವಾಪಸು ಹೋದರೆ ಅವರಿಗೆ ಎಂದಿಗೂ ಗೊತ್ತಾಗುವುದಿಲ್ಲ, ಹೇಳಿ ಬಂದೆ ಎಂದರೆ ಡಯೇನ್ ನಂಬುತ್ತಾರೆ ಎಂಬ ಯೋಚನೆಯೂ ಬಂತು. ಬರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಅವರು ಕೋಳಿಗೂಡಿನ ಬಳಿಯೇ ಇದ್ದರು, ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು. ಅಡುಗೆಮನೆಯ ಮೇಜಿನ ಮೇಲೆ ಹಾಳೆ ಇಟ್ಟು ಹೇಳಿದೆ. ವಾರಿಜಕ್ಕನ ಅತ್ತೆಯ ಪುಸ್ತಕವನ್ನೂ ಹೇಳಿದೆ, ಅದಿಲ್ಲದೆ ವಿವರಿಸಲು ಬರುತ್ತಿರಲಿಲ್ಲ. ಅವರು ಕಿಟಕಿಯ ಬೆಳಕಿಗೆ ಹಾಳೆ ಹಿಡಿದು ಬಹಳ ಹೊತ್ತು ನೋಡಿದರು. ಹೊರಗೆ ಒಂದು ಕೋಳಿ ಒಂದೇ ಸಮನೆ ಕೂಗುತ್ತಿತ್ತು.

"ಹಾಗಾದರೆ ನಕಲು ಮಾಡಿದವನ ಕೈಯಲ್ಲಿದ್ದ ಪ್ರತಿಯಲ್ಲೇ ಹಾಳೆಗಳು ಕಳೆದಿದ್ದವು. ಎಷ್ಟು ಕಳೆದಿವೆ ಎಂದು ಅವನಿಗೆ ಗೊತ್ತಿತ್ತು. ಅಷ್ಟೇ ಜಾಗ ಬಿಟ್ಟಿದ್ದಾನೆ." ನಿಧಾನವಾಗಿ ಕುಳಿತರು. "ಯಾರೂ ಜಿಗಿಯಲಿಲ್ಲ."

"ಕ್ಷಮಿಸಿ" ಎಂದೆ.

"ಅಚ್ಚಾಗುವ ಮೊದಲು ತಪ್ಪು ಗೊತ್ತಾಯಿತಲ್ಲ, ಅದಕ್ಕೆ ನಿಮಗೆ ಕೃತಜ್ಞಳು. ಆದರೆ ನನ್ನ ಮಾತೇ ಸರಿಯಾಯಿತು ಅಂದುಕೊಂಡು ಕಳೆದ ಎರಡು ತಿಂಗಳು ತುಂಬ ಚೆನ್ನಾಗಿದ್ದವು." ನಗಲು ನೋಡಿದರು. ಆಮೇಲೆ ಭೂತಗನ್ನಡಿ ತಂದು ಆ ಎರಡು ಸಾಲಿನ ಮೇಲೆ ಹಿಡಿದರು. ಒಂದು ಕಣ್ಣಿನಿಂದ ನೋಡಿದರು, ಇನ್ನೊಂದರಿಂದ ನೋಡಿದರು. "ಫಿಲಂ ಎಲ್ಲಿದೆ?"

ಅದನ್ನೂ ಹೇಳಿದೆ. ಶುಕ್ರವಾರ, ಸೋಮವಾರ, ಪ್ರಿಂಟರಿನ ಕಾಗದ, ಎಲ್ಲವನ್ನೂ. ಅವರು ಎದ್ದು ಚಹಾಕ್ಕೆ ನೀರಿಟ್ಟರು. ನನ್ನ ಕಡೆ ಬೆನ್ನು ಮಾಡಿಕೊಂಡು ಒಲೆಯ ಮುಂದೆ ನಿಂತಿದ್ದರು, ನೀರು ಕುದ್ದ ಮೇಲೂ.

ಪುಸ್ತಕ ಒಂದು ವರ್ಷ ತಡವಾಯಿತು. ಮುನ್ನುಡಿಯನ್ನು ಅವರು ಮೊದಲಿನಿಂದ ಬರೆದರು. ಕಥೆಯ ನಡುವೆ, ನಾಯಿ ಮಲಗಿದಲ್ಲಿ, ಗೆರೆ ಹಾಕಿದ ಏಳು ಪುಟ ಖಾಲಿ ಬಿಡಬೇಕೆಂದು ಹಟ ಹಿಡಿದರು. ಕರಡು ಬಂದಾಗ ನನಗೆ ಫೋನ್ ಮಾಡಿ, "ನನ್ನ ಕಣ್ಣು ಈಗ ನಂಬುವಂತಿಲ್ಲ. ನೀವು ಎಣಿಸಿ ಕೊಡಿ" ಎಂದರು. ಹೋಗಿ ಎಣಿಸಿದೆ. ಒಂದು ಖಾಲಿ ಪುಟವೂ ಇರಲಿಲ್ಲ. ಅಚ್ಚಿನವರ ಕಂಪ್ಯೂಟರ್ ಕೂಡ ಖಾಲಿ ಪುಟ ತೆಗೆದುಹಾಕಿತ್ತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು, ಆ ದಿನದ ನಂತರ ಮೊದಲ ಸಲ. ಎರಡನೆಯ ಕರಡಿನಲ್ಲಿ ಆರು ಇದ್ದವು. ಮೂರನೆಯದರಲ್ಲಿ ಏಳು.

ನಮ್ಮ ವಿಭಾಗ ಆಮೇಲೆ ಮೂರು ವರ್ಷ ನಡೆದು ಮುಚ್ಚಿತು. ನಾನು ಬೇರೆ ಕೆಲಸ ಹುಡುಕಲಿಲ್ಲ. ಆ ಮೂರು ವರ್ಷವೂ ಖಾಲಿ ಪುಟಗಳನ್ನು ಒಂದೊಂದಾಗಿ, ಪೂರ್ತಿ ದೊಡ್ಡದು ಮಾಡಿ ನೋಡಿದೆ. ನಿಧಾನವೆಂದು ಹೊಸಬರು ಗೊಣಗಿದರು. ಅವುಗಳಲ್ಲಿ ಹೆಚ್ಚಿನವು ನಿಜಕ್ಕೂ ಖಾಲಿಯೇ ಆಗಿದ್ದವು ಎಂಬುದನ್ನೂ ಹೇಳಬೇಕು.

ಪುಸ್ತಕದ ಒಂದು ಪ್ರತಿ ಮೊರೀನ್ ನನಗೆ ಕಳಿಸಿದ್ದರು. ಒಂದು ಶುಕ್ರವಾರ ಅದನ್ನು ವಾರಿಜಕ್ಕನವರಲ್ಲಿಗೆ ಒಯ್ದು ಏಳನೆಯ ಪುಟ ತೋರಿಸಿದೆ. ಆ ಎರಡು ಸಾಲನ್ನು ಸಾಧ್ಯವಾದಷ್ಟು ದೊಡ್ಡದು ಮಾಡಿ ಅಚ್ಚುಹಾಕಿದ್ದಾರೆ. ಕೆಳಗೆ, 'ಓದಲು ಬರುವುದಿಲ್ಲ' ಎಂದಿದೆ.

ವಾರಿಜಕ್ಕ ಪುಸ್ತಕವನ್ನು ದೂರ ಹಿಡಿದರು, ಹತ್ತಿರ ಹಿಡಿದರು. "ಓದಾಕ ಯಾಕ ಬೇಕವ್ವಾ? ಆತನೂ ನಮ್ಮತ್ತಿ ಬರದಿದ್ದನ್ನ ಬರದಿರತಾನ. ಬಲ್ಲವರು ತುಂಬಿಸಿರಿ ಅಂತ. ಮತ್ತೇನ ಬರೀತಾನ ಅಲ್ಲೆ?"

ಇರಬಹುದು. ಮುದುಕಿ ಅಡುಗೆಗೆ ಏನು ಮಾಡಿದ್ದಳೆಂದು ಬರೆದಿರಬಹುದು, ತನ್ನ ಕೈ ಸೋತಿತೆಂದು ಬರೆದಿರಬಹುದು, ನಾಯಿ ದಾಟಿತೆಂದೇ ಬರೆದಿರಬಹುದು. ನಾಯಿ ದಾಟಿತೋ ಇಲ್ಲವೋ ಎಂದು ನಮ್ಮವರು ಈಗಲೂ ಆಗಾಗ ಕೇಳುತ್ತಾರೆ. ಆ ಸೋಮವಾರ ಡಯೇನ್ ಅವರ ಬಾಗಿಲಲ್ಲಿ ನಿಂತು ನಾನು ಪ್ರಿಂಟರಿನ ಕಾಗದ ಕೇಳದೆ ನಿಜ ಹೇಳಿದ್ದರೆ, ಆ ಎರಡು ಸಾಲಿನಲ್ಲಿ ಏನಿತ್ತೆಂದಾದರೂ ಅವರಿಗೆ ಹೇಳುತ್ತಿದ್ದೆ.